ಎರಡು ಬಗೆಯ ‘ನನ್ನ’

ಹವಾಯಿ ಭಾಷೆಯಲ್ಲಿ “ನನ್ನ ಚಿತ್ರ” ಎಂದು ಸುಮ್ಮನೆ ಹೇಳಿಬಿಡುವಂತಿಲ್ಲ. ನಾನು ಬರೆದ ಚಿತ್ರವಾದರೆ “ಕʼಉ ಕಿʼಇ”, ನನ್ನನ್ನೇ ಬರೆದ ಚಿತ್ರವಾದರೆ “ಕೊʼಉ ಕಿʼಇ”. ಒಂದೇ ಒಂದು ಸ್ವರ ಬದಲಾದರೆ ಸಂಬಂಧವೇ ಬದಲು. ತಾನು ಮಾಡಿದ್ದು, ಪಡೆದದ್ದು ಅಕಾರಕ್ಕೆ ಸೇರುತ್ತದೆ: ಮಕ್ಕಳು, ಗಂಡ, ಹೆಂಡತಿ, ಊಟ, ಪುಸ್ತಕ. ತಾನಾಗಿ ಒದಗಿಬಂದದ್ದು ಒಕಾರಕ್ಕೆ: ತಂದೆತಾಯಿ, ಒಡಹುಟ್ಟಿದವರು, ಕೈಕಾಲು, ನೆಲ. ವಾಸದ ಮನೆ, ಉಡುವ ಬಟ್ಟೆ, ಏರುವ ದೋಣಿಗಳೂ ಒಕಾರದ ಪಾಲು, ಮೈಗೆ ಆಸರೆಯಾದವಲ್ಲವೇ! ಮಕ್ಕಳಿಗೆ ಒಂದು ‘ನನ್ನ’, ಹೆತ್ತವರಿಗೆ ಇನ್ನೊಂದು ‘ನನ್ನ’ ಇಟ್ಟುಕೊಂಡ ಈ ವ್ಯಾಕರಣಕ್ಕೆ ನಾನು ಮಾರುಹೋಗಿದ್ದೇನೆ.

ವ್ಯಂಜನಗಳು ಎಂಟೇ. ಒತ್ತಕ್ಷರವಿಲ್ಲ, ಪ್ರತಿ ಅಕ್ಷರವೂ ಸ್ವರದಲ್ಲೇ ಮುಗಿಯಬೇಕು. ಬಸ್ಸು, ಕಾರು ಎನ್ನುವ ನಮಗೆ ಇದು ಪರಕೀಯವೆನಿಸದು. ರಕಾರ, ಸಕಾರಗಳಿಲ್ಲದ ಆ ನಾಲಿಗೆಯಲ್ಲಿ ‘ಮೆರಿ ಕ್ರಿಸ್ಮಸ್’ “ಮೆಲೆ ಕಲಿಕಿಮಾಕ” ಆಯಿತು. ಎಂಟನೆಯ ವ್ಯಂಜನವಾದ ‘ಓಕಿನ’ ಗಂಟಲಲ್ಲಿ ಉಸಿರನ್ನು ಚಣ ತಡೆಯುವುದು. “ಪೌ” ಎಂದರೆ ಮುಗಿಯಿತು. ತಡೆದು “ಪʼಉ” ಎಂದರೆ ಮಸಿ. ವಾಕ್ಯದಲ್ಲಿ ಕ್ರಿಯಾಪದಕ್ಕೆ ಮೊದಲ ಸ್ಥಾನ.

1893ರಲ್ಲಿ ಹವಾಯಿಯ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಲಾಯಿತು. 1896ರ ಕಾನೂನು ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಹೇರಿತು. ಹವಾಯಿ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಅವರು ದೊಡ್ಡವರಾಗಿ ತಮ್ಮ ಮಕ್ಕಳೊಂದಿಗೆ ಇಂಗ್ಲಿಷೇ ಆಡಿದರು.

ಅಜ್ಜಿಯ ಬಾಯಲ್ಲಿ ಈ ಭಾಷೆ ಕೇಳುತ್ತ ಬೆಳೆದ ಲ್ಯಾರಿ ಕಿಮುರಾ 1972ರಲ್ಲಿ ‘ಕ ಲಿಯೊ ಹವಾಯಿ’ ಎಂಬ ರೇಡಿಯೊ ಕಾರ್ಯಕ್ರಮ ಆರಂಭಿಸಿದರು. ಹಿರಿಯರನ್ನು ಕೂರಿಸಿಕೊಂಡು ಹವಾಯಿಯಲ್ಲೇ ಹರಟೆ. ಕೇಳುಗರೂ ಫೋನಿನಲ್ಲಿ ಸೇರುತ್ತಿದ್ದರು. 2019ರಲ್ಲಿ ಮೊದಲ ಬಾರಿ ಚಿತ್ರಕ್ಕೆ ಸಿಕ್ಕ ಕಪ್ಪುಕುಳಿಗೆ ‘ಪೋವೆಹಿ’ ಎಂದು ಹೆಸರು ಕೊಟ್ಟವರೂ ಇವರೇ.

1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಯಾಯಿತು. ನ್ಯೂಜಿಲೆಂಡಿನ ಮಾವೊರಿಗಳ ಮಾದರಿಯಲ್ಲಿ 1984ರಲ್ಲಿ ಕವಾಯಿ ದ್ವೀಪದ ಕೆಕಹದಲ್ಲಿ ಮೊದಲ ‘ಪೂನಾನ ಲಿಯೊ’ ಶಿಶುವಿಹಾರ ತೆರೆಯಿತು. ಅಲ್ಲಿ ಆಟ, ಊಟ, ಜಗಳ ಎಲ್ಲವೂ ಹವಾಯಿಯಲ್ಲೇ. ಆದರೆ ಇಂದಿನ ಶಿಕ್ಷಕರಲ್ಲಿ ಬಹುಪಾಲು ಮಂದಿ ಅದನ್ನು ಎರಡನೆಯ ಭಾಷೆಯಾಗಿ ಕಲಿತವರು. ಮನೆಮಾತಿನ ಎಳೆ ಕಡಿಯದೆ ಉಳಿದದ್ದು ಪುಟ್ಟ ನಿಇಹಾವು ದ್ವೀಪದವರಲ್ಲಿ ಮಾತ್ರ. ‘ಒ’ ಎಲ್ಲಿ, ‘ಅ’ ಎಲ್ಲಿ ಎಂಬ ಅನುಮಾನ ಬಂದರೆ ಕಿಮುರಾ ಅವರ ಆ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಬಹುದು. ಹಿಲೊ ವಿಶ್ವವಿದ್ಯಾಲಯ ಅವನ್ನು ಎಲ್ಲರಿಗೂ ತೆರೆದಿಟ್ಟಿದೆ. ಅವುಗಳಲ್ಲಿ ಮಾತಾಡಿದ ಹಿರಿಯರನ್ನು ಎದುರು ಕೂತು ಇನ್ನೊಂದು ಪ್ರಶ್ನೆ ಕೇಳೋಣವೆಂದರೆ ಹೆಚ್ಚಿನವರು ಈಗಿಲ್ಲ.