ಮದ್ದು ಮತ್ತು ಹೊಣೆ: ರಾಮಕುಂಜದ ಸುತ್ತಣ ಎಂಡೋಸಲ್ಫಾನ್ ಪ್ರಕರಣ

ಕರಾವಳಿಯ ಕೃಷಿಕರ ಆಡುನುಡಿಯಲ್ಲಿ ರೋಗಿಗೆ ಕೊಡುವ ಔಷಧವೂ ಬೆಳೆಗೆ ಸಿಂಪಡಿಸುವ ರಾಸಾಯನಿಕವೂ 'ಮದ್ದು' ಎಂದೇ ಕರೆಯಲ್ಪಡುತ್ತವೆ. ವಿಷವು ಔಷಧದ ಹೆಸರಿನಲ್ಲಿ ಜನವಸತಿಯನ್ನು ತಲುಪಿದಾಗ ಅದರ ಹೊಣೆ ಯಾರದು ಎಂಬ ಪ್ರಶ್ನೆಗೆ ಎಂಡೋಸಲ್ಫಾನ್ ಪ್ರಕರಣವು ಈ ಭಾಗದ ಪ್ರಮುಖ ನಿದರ್ಶನವಾಗಿದೆ.

1950ರ ದಶಕದಲ್ಲಿ ಜರ್ಮನಿಯ ಹೆಕ್ಸ್ಟ್ ಕಂಪನಿ ಬಳಕೆಗೆ ತಂದ ಈ ಕೀಟನಾಶಕಕ್ಕೆ ಕಾಲಕ್ರಮದಲ್ಲಿ ಭಾರತವೇ ಪ್ರಮುಖ ಉತ್ಪಾದಕ ದೇಶವಾಯಿತು. ಗೇರುಮರಗಳನ್ನು ಕಾಡುವ ಚಹಾ ಸೊಳ್ಳೆಯ ಹತೋಟಿಗಾಗಿ ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್, ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ 2000ದವರೆಗೆ ಇದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದವು. ತೋಟಗಳ ನಡುವೆ ಮನೆ, ಬಾವಿ, ಶಾಲೆಗಳಿದ್ದವು. ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಅನೇಕ ಕುಟುಂಬಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯಗಳು ಕಂಡುಬಂದವು. ರಾಮಕುಂಜಕ್ಕೆ ಸಮೀಪದ ಕೊಯಿಲದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರವನ್ನೇ ತೆರೆಯಬೇಕಾಯಿತು.

ಎಚ್ಚರಿಕೆಯ ಮಾತು ಇರಲಿಲ್ಲವೆಂದಲ್ಲ. ಗಡಿನಾಡಿನ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಕರುಗಳು ವಿಕಲಾಂಗವಾಗಿ ಹುಟ್ಟುತ್ತಿದ್ದುದನ್ನು ಬಹು ಹಿಂದೆಯೇ ಬರೆದಿದ್ದರು, ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳತ್ತ ಗಮನ ಸೆಳೆದಿದ್ದರು. ಆದರೆ ತಯಾರಕ, ಪರವಾನಗಿ ನೀಡಿದ ಇಲಾಖೆ, ಖರೀದಿಸಿದ ನಿಗಮ, ಸಿಂಪಡಿಸಿದ ಗುತ್ತಿಗೆದಾರ, ಹೀಗೆ ಸರಪಳಿಯ ಪ್ರತಿಯೊಂದು ಕೊಂಡಿಯೂ ತನ್ನ ಪಾಲು ಕಾನೂನುಬದ್ಧವೆಂದು ಹೇಳಲು ಅವಕಾಶವಿತ್ತು.

2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅಂಗೀಕರಿಸಿದ ಮಾರ್ಗದರ್ಶಿ ತತ್ವಗಳು ಈ ಸಮರ್ಥನೆಯನ್ನು ಒಪ್ಪುವುದಿಲ್ಲ. ರಕ್ಷಿಸುವುದು ಪ್ರಭುತ್ವದ ಕರ್ತವ್ಯ, ಗೌರವಿಸುವುದು ಉದ್ಯಮದ ಹೊಣೆ, ನೊಂದವರಿಗೆ ಪರಿಹಾರ ದೊರೆಯಲೇಬೇಕು ಎಂಬುದು ಅವುಗಳ ಸಾರ. ತನ್ನ ಉತ್ಪನ್ನ ಯಾರ ಕೈಸೇರಿ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಹಾನಿಗೆ ಮುನ್ನವೇ ಪರಿಶೀಲಿಸುವುದು ಆ ಹೊಣೆಯ ಭಾಗ. ಕಾರಣವನ್ನು ಸಾಬೀತುಪಡಿಸುವ ಭಾರವನ್ನು ರೋಗಪೀಡಿತರ ಮೇಲೆಯೇ ಹೊರಿಸುವುದು ಇದಕ್ಕೆ ವಿರುದ್ಧವಾದುದು.

ಅದೇ ವರ್ಷ ಕರ್ನಾಟಕ ಸರಕಾರವೂ ಬಳಿಕ ಸುಪ್ರೀಂ ಕೋರ್ಟೂ ಎಂಡೋಸಲ್ಫಾನನ್ನು ನಿಷೇಧಿಸಿದವು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿದ ನ್ಯಾಯಾಲಯವು, ಆ ಹಣವನ್ನು ಕೇಂದ್ರದಿಂದ ಅಥವಾ ಉದ್ಯಮದಿಂದ ವಸೂಲು ಮಾಡಲು ರಾಜ್ಯಕ್ಕೆ ಅವಕಾಶವಿತ್ತಿತು. ಹೊಣೆಯು ತಯಾರಕನವರೆಗೂ ಸಲ್ಲಬಹುದೆಂಬ ಸೂಚನೆ ಇದರಲ್ಲಿದೆ.

ಆದರೆ ಪರಿಹಾರಧನದಿಂದ ಹೊಣೆ ಮುಗಿಯುವುದಿಲ್ಲ. ಹಾಸಿಗೆ ಹಿಡಿದ ಮಕ್ಕಳನ್ನು ಸಾಕಿದ ತಂದೆತಾಯಿಗಳು ಈಗ ವೃದ್ಧರಾಗುತ್ತಿದ್ದಾರೆ. ತಮ್ಮ ಬಳಿಕ ಅವರನ್ನು ನೋಡಿಕೊಳ್ಳುವವರು ಯಾರೆಂಬ ಅವರ ಪ್ರಶ್ನೆಗೆ ಶಾಶ್ವತ ಪಾಲನೆಯ ವ್ಯವಸ್ಥೆಯೊಂದೇ ಉತ್ತರವಾಗಬಲ್ಲದು.