ಕಾರು ಎತ್ತುವ ಕಂಬಗಳಿಗೂ ಬೇಕು ರಿಪೇರಿ

ಚಾಮರಾಜನಗರದ ಕಡೆಯಿಂದ ಕೊಯಮತ್ತೂರಿಗೆ ಕಾರಿನಲ್ಲಿ ಹೊರಟವರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಲೇಬೇಕು. ಬ್ರೇಕ್ ಕಾದು ಸುಟ್ಟ ವಾಸನೆ ಬಂತೆಂದು ಊರು ಸೇರಿದೊಡನೆ ಗ್ಯಾರೇಜು ಹುಡುಕಿದರೆ, ಅಲ್ಲಿಯ ಮೆಕ್ಯಾನಿಕ್ ಕಾರನ್ನು ಎರಡು ಉಕ್ಕಿನ ಕಂಬಗಳ ನಡುವೆ ನಿಲ್ಲಿಸುತ್ತಾನೆ. ನಾಲ್ಕು ತೋಳುಗಳನ್ನು ಗಾಡಿಯ ಅಡಿಗೆ ತಳ್ಳಿ ಬಟನ್ ಒತ್ತುತ್ತಾನೆ. ನಿಮಿಷ ಕಳೆಯುವಷ್ಟರಲ್ಲಿ ಟನ್ನುಗಟ್ಟಲೆ ಭಾರದ ಕಾರು ಅವನ ತಲೆಯ ಮೇಲೆ, ಅವನು ಅದರ ಕೆಳಗೆ.

ಕಾರು ಕೆಟ್ಟರೆ ಅದನ್ನು ಎತ್ತಲು ಈ ಲಿಫ್ಟ್ ಇದೆ. ಲಿಫ್ಟೇ ಕೆಟ್ಟರೆ ಏನು ಮಾಡುವುದು? ಗ್ಯಾರೇಜುಗಳಿಗೆ ಹೋಗಿ ಅದನ್ನು ದುರಸ್ತಿ ಮಾಡಿಕೊಡುವ ಕೆಲಸಗಾರರ ಪಂಗಡವೇ ಬೇರೆ. ಅವರು ಮುಟ್ಟುವುದು ಕಾರನ್ನಲ್ಲ, ಕಂಬವನ್ನು.

ಈ ಯಂತ್ರದ ಮೂಲ ಅಮೆರಿಕದ ಮೆಂಫಿಸ್ ನಗರದಲ್ಲಿದೆ. ಪೀಟರ್ ಲುನಾಟಿ ಎಂಬ ಮೆಕ್ಯಾನಿಕ್ ಕ್ಷೌರದಂಗಡಿಯ ಕುರ್ಚಿ ಮೇಲೇರುವುದನ್ನು ಕಂಡು, ಎಣ್ಣೆಯ ಒತ್ತಡದಿಂದ ಕಾರನ್ನೂ ಎತ್ತಬಹುದಲ್ಲ ಎಂದುಕೊಂಡ. 1925ರಲ್ಲಿ ಪೇಟೆಂಟ್ ಪಡೆದ. ಅಲ್ಲಿಯವರೆಗೆ ನೆಲದಲ್ಲಿ ತೋಡಿದ ಹೊಂಡವೇ ಗತಿ. ನಮ್ಮಲ್ಲಿ ಲಾರಿ, ಬಸ್ಸುಗಳ ಕೆಲಸ ಈಗಲೂ ಬಹುಪಾಲು ಹೊಂಡದಲ್ಲೇ ನಡೆಯುತ್ತದೆ. ಪೆಟ್ರೋಲ್ ಬಂಕುಗಳ ಅಂಗಳದಲ್ಲಿ ಕಾರು ತೊಳೆಯಲು ನೆಟ್ಟ ಒಂಟಿ ಕಂಬದ ಲಿಫ್ಟು ಲುನಾಟಿಯ ಯಂತ್ರದ ವಂಶದ್ದೇ: ಕಂಪ್ರೆಸರಿನ ಗಾಳಿ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಕಂಬವನ್ನು ಎತ್ತುತ್ತದೆ.

ಇಂಥ ಯಂತ್ರಗಳ ತಯಾರಿಕೆ ಕೊಯಮತ್ತೂರಿನಲ್ಲಿ ಬೇರುಬಿಟ್ಟಿದ್ದು ಅಕಸ್ಮಾತ್ತಲ್ಲ. 1888ರಲ್ಲಿ ಸ್ಟೇನ್ಸ್ ಗಿರಣಿ ಬಂತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ ಇಳಿದು ಬಂತು. ಗಿರಣಿಯ ಬಿಡಿಭಾಗ, ಬಾವಿಯ ಪಂಪು, ಮೋಟಾರು ಎಂದು ಎರಕದ ಮನೆಗಳೂ ಲೇತ್ ಯಂತ್ರಗಳೂ ಬೀದಿ ಬೀದಿಗೆ ಹಬ್ಬಿದವು. ಇತ್ತ ರಸ್ತೆಯ ಮೇಲೂ ಊರು ಹಿಂದೆ ಬಿದ್ದಿರಲಿಲ್ಲ. ಜಿ.ಡಿ. ನಾಯ್ಡು 1920ರಲ್ಲಿ ಪೊಳ್ಳಾಚಿ ಮತ್ತು ಪಳನಿ ನಡುವೆ ಒಂದು ಬಸ್ಸು ಓಡಿಸಿ ಶುರುಮಾಡಿದ ಉದ್ಯಮ ಮುಂದೆ ಯು.ಎಂ.ಎಸ್. ಎಂಬ ದೊಡ್ಡ ಸಾರಿಗೆ ಸಂಸ್ಥೆಯಾಯಿತು. 1937ರಲ್ಲಿ ಸಾರಿಗೆ ಸಂಸ್ಥೆಯಾಗಿ ಹುಟ್ಟಿದ ಎಲ್.ಜಿ. ಬಾಲಕೃಷ್ಣನ್ ಅಂಡ್ ಬ್ರದರ್ಸ್ ಆಮೇಲೆ ‘ರೋಲಾನ್’ ಚೈನುಗಳಿಂದ ಹೆಸರು ಮಾಡಿತು. ಬಸ್ಸು ಓಡಿಸಿದವರು ಬಸ್ಸಿಗೆ ಬೇಕಾದ್ದನ್ನೂ ಮಾಡತೊಡಗಿದ ಊರು ಇದು.

1960ರಲ್ಲಿ ಆರಂಭವಾದ ಎಲ್ಜಿ ಇಕ್ವಿಪ್‌ಮೆಂಟ್ಸ್ ಏರ್ ಕಂಪ್ರೆಸರುಗಳ ಜೊತೆಗೆ ಗ್ಯಾರೇಜ್ ಸಲಕರಣೆಗಳನ್ನೂ ತಯಾರಿಸಿತು. ಕೊರಿಯಾದ ಟಿ.ವಿ. ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಇದೇ ಬಳಗದ ಎಟಿಎಸ್ ಎಲ್ಜಿ ಕಾರು ಎತ್ತುವ ಲಿಫ್ಟುಗಳನ್ನು ಮಾಡುತ್ತದೆ.

ಎರಡು ಕಂಬದ ಲಿಫ್ಟಿನ ಹೊಟ್ಟೆಯೊಳಗೆ ಏನಿದೆ? ಪ್ರತಿ ಕಂಬದೊಳಗೆ ಮೇಲೆ ಕೆಳಗೆ ಜಾರುವ ಒಂದು ಉಕ್ಕಿನ ಗಾಡಿ. ತೋಳುಗಳು ಅದಕ್ಕೇ ಅಂಟಿರುತ್ತವೆ. ಹೈಡ್ರಾಲಿಕ್ ಮಾದರಿಯಲ್ಲಿ ಮೋಟಾರು ಎಣ್ಣೆಯನ್ನು ಸಿಲಿಂಡರುಗಳಿಗೆ ನೂಕುತ್ತದೆ. ಸ್ಕ್ರೂ ಮಾದರಿಯಲ್ಲಿ ಉದ್ದನೆಯ ತಿರುಪು ತಿರುಗಿ ಹಿತ್ತಾಳೆ ಬಣ್ಣದ ಕಂಚಿನ ನಟ್ಟನ್ನು ಏರಿಸುತ್ತದೆ. ಎತ್ತುವುದೇನೋ ಸುಲಭ. ಎರಡೂ ಕಡೆ ಒಂದೇ ಸಮ ಎತ್ತುವುದೇ ಕಷ್ಟ. ಕಾರಿನ ಎರಡೂ ಪಕ್ಕದ ಭಾರ ಒಂದೇ ಸಮ ಇರುವುದಿಲ್ಲ, ಎಣ್ಣೆ ಹಗುರ ಇರುವ ಕಡೆಗೇ ಹರಿಯುತ್ತದೆ. ಅದಕ್ಕೇ ಒಂದು ಕಂಬದ ಗಾಡಿಯನ್ನು ಇನ್ನೊಂದಕ್ಕೆ ವೈರ್ ರೋಪಿನಿಂದ ಪುಲ್ಲಿಗಳ ಮೇಲೆ ಹಾಯಿಸಿ ಕಟ್ಟಿರುತ್ತಾರೆ. ಒಂದು ಏರಿದರೆ ಇನ್ನೊಂದನ್ನೂ ಎಳೆದುಕೊಂಡೇ ಏರಬೇಕು. ಒಂದು ಕಂಬಕ್ಕೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಆದರೆ ಕಾರು ಜಾರಿ ಬೀಳುತ್ತದೆ.

ರಿಪೇರಿಯೂ ಇಲ್ಲಿಂದಲೇ ಶುರು. ಕಾರಿಲ್ಲದೆ ಬರಿಯ ತೋಳುಗಳನ್ನು ಎದೆಮಟ್ಟಕ್ಕೆ ಎತ್ತಿ, ಎರಡೂ ಕಡೆ ನೆಲದಿಂದ ಎತ್ತರವನ್ನು ಟೇಪಿನಲ್ಲಿ ಅಳೆಯುತ್ತಾರೆ. ಆಮೇಲೆ ಕಿವಿಗೆ ಕೆಲಸ. ಗಾಡಿ ಏರುವಾಗ ಕಂಬದೊಳಗಿನ ಸುರಕ್ಷಾ ಲಾಕು ‘ಟಕ್ ಟಕ್’ ಎಂದು ಹಲ್ಲು ದಾಟುತ್ತದೆ. ಎರಡು ಕಂಬಗಳ ‘ಟಕ್’ ಒಟ್ಟಿಗೆ ಕೇಳಿದರೆ ಸರಿ. ಒಂದರ ಹಿಂದೆ ಇನ್ನೊಂದು ಬಂದರೆ ವೈರ್ ರೋಪು ಸಡಿಲವಾಗಿದೆ ಎಂದರ್ಥ. ತುದಿಯ ನಟ್ಟನ್ನು ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಸಿ, ಮತ್ತೆ ಎತ್ತಿ, ಮತ್ತೆ ಕೇಳಬೇಕು.

ರೋಪನ್ನು ಬರಿಗೈಯಲ್ಲಿ ಸವರಿ ನೋಡುವುದಿಲ್ಲ. ಬಟ್ಟೆಯ ತುಂಡು ಸುತ್ತಿ ಉದ್ದಕ್ಕೂ ಎಳೆದರೆ, ಎಲ್ಲಿ ಎಳೆ ಕಿತ್ತಿದೆಯೋ ಅಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಎಳೆ ಕಿತ್ತ ರೋಪಿಗೆ ಗಂಟು, ಬೆಸುಗೆ ಯಾವುದೂ ನಡೆಯದು, ಹೊಸದೇ ಹಾಕಬೇಕು. ಸವೆದ ಪುಲ್ಲಿಯ ಬುಷ್ ಬದಲಿಸದೆ ಬರೀ ರೋಪು ಬದಲಿಸಿದರೆ ಹೊಸ ರೋಪೂ ಬೇಗ ಹಾಳಾಗುತ್ತದೆ.

ಬೇರೆ ಕಾಯಿಲೆಗಳಿಗೆ ಬೇರೆ ಗುರುತುಗಳಿವೆ. ಎತ್ತಿದ ಲಿಫ್ಟು ತಾನಾಗಿ ಮೆಲ್ಲಗೆ ಇಳಿದರೆ ಆಯಿಲ್ ಸೀಲು ಸೋರುತ್ತಿದೆ, ಇಲ್ಲವೇ ವಾಲ್ವಿನಲ್ಲಿ ಕಸ ಕೂತಿದೆ. ಜರ್ಕು ಹೊಡೆಯುತ್ತ ಏರಿದರೆ ಎಣ್ಣೆಯೊಳಗೆ ಗಾಳಿ ಸೇರಿದೆ. ಸ್ಕ್ರೂ ಮಾದರಿಯಲ್ಲಿ ಭಾರ ಹೊರುವ ನಟ್ಟಿನ ಕೆಳಗೆ ಭಾರವಿಲ್ಲದ ಇನ್ನೊಂದು ನಟ್ಟು ಇರುತ್ತದೆ. ಮೇಲಿನದರ ಥ್ರೆಡ್ ಸವೆದಂತೆ ಎರಡರ ನಡುವಿನ ಸಂದು ಕಿರಿದಾಗುತ್ತದೆ. ಆ ಸಂದನ್ನು ಅಳೆದೇ ನಟ್ಟಿನ ಆಯಸ್ಸು ಹೇಳುತ್ತಾರೆ. ಕಂಬವನ್ನು ಕಾಂಕ್ರೀಟಿಗೆ ಹಿಡಿದಿರುವ ಆಂಕರ್ ಬೋಲ್ಟುಗಳ ಪರೀಕ್ಷೆಯನ್ನೂ ಯಾರೂ ಬಿಡುವುದಿಲ್ಲ. ನೆಲ ತೆಳುವಾಗಿದ್ದರೆ ಎಷ್ಟು ಒಳ್ಳೆಯ ಯಂತ್ರವೂ ಕೈಕೊಡುತ್ತದೆ.

ಬಳಸುವವರ ಅವಸರದಿಂದ ಬರುವ ತೊಂದರೆಯೂ ಉಂಟು. ಬನಿಯನ್ ಬಂಡಲು ತುಂಬಿದ ತಿರುಪ್ಪೂರಿನ ವ್ಯಾನನ್ನು ಸರಕು ಇಳಿಸದೆ ಎತ್ತಿದರೆ ಹಿಂಬದಿಯ ತೋಳುಗಳ ಮೇಲೆ ಅತಿಭಾರ. ಎತ್ತಿದ ಮೇಲೆ ಒಂದಿಷ್ಟು ಇಳಿಸಿ ಲಾಕಿನ ಮೇಲೆ ಕೂರಿಸುವುದು ನಿಯಮ. ಹಾಗೆ ಮಾಡಿದಾಗ ಭಾರ ಎಣ್ಣೆ, ರೋಪುಗಳ ಬದಲು ಉಕ್ಕಿನ ಹಲ್ಲಿನ ಮೇಲೆ ನಿಲ್ಲುತ್ತದೆ.

ಎಲ್ಲ ಕಡೆ ಒಂದೇ ಸಮ ಎತ್ತುವ ಸಮಸ್ಯೆ ಗ್ಯಾರೇಜಿನ ಹೊರಗೂ ಇದೆ. ಅಮೆರಿಕದ ಇಂಡಿಯಾನಾದಲ್ಲಿ ಲಾಯ್ಡ್ ಬಾಂಟ್ರೇಗರ್ 1968ರಲ್ಲಿ ಜೇಕೊ ಕಂಪನಿ ಕಟ್ಟಿದ್ದೇ ಮಡಚುವ ಕ್ಯಾಂಪರ್ ಗಾಡಿಯ ಚಾವಣಿ ಎತ್ತಲು ತಾನು ರೂಪಿಸಿದ ವ್ಯವಸ್ಥೆಯ ಬಲದಿಂದ. ಅಂಥ ಗಾಡಿಗಳಲ್ಲಿ ಒಂದು ಹಿಡಿಕೆ ತಿರುಗಿಸಿದರೆ ನಾಲ್ಕೂ ಮೂಲೆ ಏರುತ್ತವೆ. ಒಂದು ಮೂಲೆ ಹಿಂದುಳಿದರೆ ಅಲ್ಲಿಯೂ ಮೊದಲು ನೋಡಬೇಕಾದ್ದು ರೋಪು, ಪುಲ್ಲಿಗಳನ್ನೇ.

ಈಗ ಗ್ಯಾರೇಜುಗಳಿಗೆ ಹೊಸ ಲೆಕ್ಕ ಬಂದಿದೆ. ವಿದ್ಯುತ್ ಕಾರುಗಳ ಭಾರ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಹೆಚ್ಚು. ಬ್ಯಾಟರಿ ಹೊಟ್ಟೆಯುದ್ದಕ್ಕೂ ಹರಡಿರುವುದರಿಂದ ತೋಳುಗಳನ್ನು ಕಂಪನಿ ಗುರುತಿಸಿದ ಜಾಗಕ್ಕೇ ಕೊಡಬೇಕು. ಇಲ್ಲದಿದ್ದರೆ ಬ್ಯಾಟರಿಯೇ ಜಜ್ಜಿಹೋಗುತ್ತದೆ. ಬ್ಯಾಟರಿ ಇಳಿಸುವಾಗ ಅದನ್ನು ಹೊರಲು ಅಡಿಯಲ್ಲಿ ಇನ್ನೊಂದು ಲಿಫ್ಟ್ ಟೇಬಲ್ಲೂ ಬೇಕಾಗುತ್ತದೆ. ಎರಡು ಕಂಬಗಳ ಮಟ್ಟ ನೋಡುತ್ತಿದ್ದ ಕೆಲಸಗಾರ ಇನ್ನು ಆ ಟೇಬಲ್ಲಿನ ಮಟ್ಟವನ್ನೂ ನೋಡಬೇಕು.