ಚಳಿಗಾಲದ ನೆಲದ ಬಿಸಿ: ಮಂಗಳೂರೂ ನಮ್ಮ ತೋಟವೂ

ನಾನು ಹುಟ್ಟಿ ಬೆಳೆದದ್ದು ಯಲಬುರ್ಗಾ ಸೀಮೆಯ ಎರೆ ಹೊಲಗಳ ನಡುವೆ. ತೋಟ ಕಟ್ಟಿದ್ದು ಘಟ್ಟದ ಮೇಲೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಚಳಿಗಾಲವನ್ನು ಎರಡು ಬಗೆಯಲ್ಲಿ ನೋಡುವ ಅವಕಾಶ ನನಗೆ ಒದಗುತ್ತದೆ. 2024ರ ಡಿಸೆಂಬರ್ 30ರಂದು ಬಿದ್ದ ಎಳ್ಳು ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಮುಂಜಾನೆ ಎಲ್ಲರೂ ಕಂಬಳಿ ಹೊದ್ದು ಕುಳಿತಿದ್ದೆವು. ಚರಗ ಚೆಲ್ಲಿ, ಊಟ ಮುಗಿಸಿ, ಸಜ್ಜೆ ಕೊಯ್ದ ಬಯಲು ಹೊಲದಲ್ಲಿ ಹಾಯ್ದು ಬರುವಾಗ ಅಂಗಾಲು ಚುರ್ರೆಂದಿತು. ಅಣ್ಣ ಕೇಳಿದ: “ಏನಪಾ ತಮ್ಮಾ, ಮುಂಜಾನೆ ಹಲ್ಲು ಕಟಕಟಾ ಅಂತಿದ್ವು. ಈಗ ನೋಡು, ಕೆರ ಬಿಟ್ಟು ಕಾಲಿಡಾಕ ಬರಂಗಿಲ್ಲ. ಇದು ಥಂಡಿ ಕಾಲೋ, ಬ್ಯಾಸಿಗಿಯೋ?”

ಮರುದಿನ ಕೊಪ್ಪಳದ ಮೇಲೆ ಗಂಗಾವತಿಗೆ ಹೋದೆ. ಅದೇ ಬಿಸಿಲು, ಅದೇ ತಿಳಿ ಆಕಾಶ. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ, ಭತ್ತದ ಸಸಿಮಡಿಯ ಬದುವಿನ ಮೇಲೆ ನಡುಮಧ್ಯಾಹ್ನವೂ ಬರಿಗಾಲಲ್ಲಿ ನಿಲ್ಲಬಹುದಾಗಿತ್ತು. ಒಂದೇ ಜಿಲ್ಲೆ, ಒಂದೇ ಸೂರ್ಯ. ನೆಲ ಮಾತ್ರ ಬೇರೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ, 2025ರ ಫೆಬ್ರವರಿ ಕೊನೆಯ ವಾರದಲ್ಲಿ, ಹವಾಮಾನ ಇಲಾಖೆಯು ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಇಡೀ ದೇಶದ ಸರಾಸರಿ ಉಷ್ಣತೆಯನ್ನು ನೋಡಿದರೆ 1901ರಿಂದೀಚೆಗೆ ಅಷ್ಟು ಬಿಸಿಯಾದ ಫೆಬ್ರವರಿ ಇರಲಿಲ್ಲ. ಅಡಿಕೆಯ ಕೆಲಸದ ಮೇಲೆ ಮಂಗಳೂರಿಗೆ ಹೋದ ನಮ್ಮ ಸದಸ್ಯರೊಬ್ಬರು ಬಂದು, “ಸೆಕ್ರೆಟರಿಗಳೇ, ಸಮುದ್ರ ಪಕ್ಕದಲ್ಲೇ ಇದ್ದರೂ ಆ ಊರು ಹೀಗೇಕೆ ಕಾಯುತ್ತದೆ?” ಎಂದು ಕೇಳಿದರು. ಅಣ್ಣನ ಪ್ರಶ್ನೆಗೂ ಇವರ ಪ್ರಶ್ನೆಗೂ ಉತ್ತರ ಒಂದೇ. ಅದು ನಮ್ಮ ತೋಟಕ್ಕೂ ಸಂಬಂಧಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸವನ್ನು ತಿಳಿಯಬೇಕು. ಪತ್ರಿಕೆಯಲ್ಲಿ ಬರುವ ಉಷ್ಣತೆ ಗಾಳಿಯದು. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಿನಲ್ಲಿಟ್ಟ ಉಷ್ಣಮಾಪಕ ತೋರಿಸುವ ಅಂಕಿ ಅದು. ಕಾಲು ಸುಡುವುದು ಆ ಗಾಳಿಯಿಂದಲ್ಲ, ನೆಲದ ಮೇಲ್ಮೈಯಿಂದ. ಬಿಸಿಲಿಗೆ ಬಿದ್ದ ಒಣ ನೆಲವು ಮಧ್ಯಾಹ್ನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಬಿಸಿಯಾಗಿರಬಲ್ಲದು. ರಾತ್ರಿ ಆಕಾಶ ತಿಳಿಯಾಗಿದ್ದರೆ ಅದೇ ನೆಲ ಶಾಖವನ್ನೆಲ್ಲ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಮುಂಜಾನೆ ಹಲ್ಲು ಕಡಿಸಿ ಮಧ್ಯಾಹ್ನ ಕಾಲು ಸುಡುವ ಗುಟ್ಟು ಇಷ್ಟೇ.

ನೆಲದ ಈ ಬಿಸಿಯನ್ನು ಈಗ ಉಪಗ್ರಹಗಳು ಅಳೆಯುತ್ತವೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಉಪಗ್ರಹಗಳು 1980ರ ದಶಕದಿಂದ ಇಂಥ ಚಿತ್ರಗಳನ್ನು ತೆಗೆಯುತ್ತಿವೆ. ಒಂದು ಉಪಗ್ರಹ 16 ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಒಂದೇ ಜಾಗದ ಮೇಲೆ ಹಾದು ಹೋಗುತ್ತದೆ. 2013ರಲ್ಲಿ ಹಾರಿಬಿಟ್ಟ ನಮ್ಮ ಇನ್ಸಾಟ್-3ಡಿ ಕೂಡ ನೆಲದ ಉಷ್ಣತೆಯನ್ನು ತಿಳಿಸುವಂತೆ ಮಾಡಿದ್ದು. ಮಳೆಗಾಲದಲ್ಲಿ ಕರಾವಳಿಯ ಮೇಲೆ ಮೋಡ ಕವಿದಿರುವುದರಿಂದ ನೆಲವೇ ಕಾಣುವುದಿಲ್ಲ. ಆದ್ದರಿಂದಲೇ ಮಂಗಳೂರಿನಂಥ ಊರನ್ನು ಅಳೆಯಲು ಡಿಸೆಂಬರಿನಿಂದ ಫೆಬ್ರವರಿಯವರೆಗಿನ ನಿರ್ಮಲ ಆಕಾಶವೇ ಒಳ್ಳೆಯ ಕಾಲ.

ಮಂಗಳೂರಿನಲ್ಲಿ ಜನವರಿಯ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 32–33 ಡಿಗ್ರಿ. ಜುಲೈನಲ್ಲಿ 28–29 ಡಿಗ್ರಿ. ಹಗಲಿನ ಮಟ್ಟಿಗೆ ಅಲ್ಲಿನ ಚಳಿಗಾಲ ಮಳೆಗಾಲಕ್ಕಿಂತ ಬಿಸಿ! ಚಳಿಗಾಲದ ಬೆಳಿಗ್ಗೆ ಗಾಳಿ ಬೀಸುವುದು ಘಟ್ಟದ ಕಡೆಯಿಂದ. ಸಮುದ್ರದ ತಂಗಾಳಿ ಏಳಬೇಕಾದರೆ ಮಧ್ಯಾಹ್ನವಾಗುತ್ತದೆ. ಅಲ್ಲಿಯವರೆಗೆ ನೆಲ ಕಾಯುತ್ತಲೇ ಇರುತ್ತದೆ.

ಆ ನೆಲವೂ ಮೊದಲಿನಂತೆ ಉಳಿದಿಲ್ಲ. 19ನೇ ಶತಮಾನದ ಅರವತ್ತರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಹೆಂಚಿನ ಉದ್ಯಮದಿಂದ ಹೆಸರಾದ ಊರು ಅದು. ಹೆಂಚಿನ ಮನೆ, ಬಾವಿ, ಸುತ್ತ ತೆಂಗು, ಹಲಸು, ಮಾವು, ಕೆಳಗಿನ ಬೈಲಿನಲ್ಲಿ ಗದ್ದೆ ಎಂಬುದು ಅದರ ಹಳೆಯ ಸ್ವರೂಪ. ಇಂದು ಎಷ್ಟೋ ಹಿತ್ತಿಲುಗಳು ಬಹುಮಹಡಿ ಕಟ್ಟಡಗಳಾಗಿವೆ, ಬೈಲುಗಳು ಮಣ್ಣು ತುಂಬಿ ಬಡಾವಣೆಗಳಾಗಿವೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು ಮೂರನೇ ಎರಡು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಎಲೆಯೂ ಗದ್ದೆಯೂ ಈ ಶಾಖವನ್ನು ಸದ್ದಿಲ್ಲದೆ ಖರ್ಚು ಮಾಡುತ್ತಿದ್ದವು. ಕಾಂಕ್ರೀಟಿಗೆ ಆ ವಿದ್ಯೆ ಗೊತ್ತಿಲ್ಲ. ಅದು ಹಗಲು ಬಿಸಿಯನ್ನು ಕೂಡಿಟ್ಟು ರಾತ್ರಿ ಹಂಚುತ್ತದೆ.

ಆದರೆ ಇಂಥ ಚಿತ್ರಗಳನ್ನು ಎಚ್ಚರದಿಂದ ಓದಬೇಕು. ಹಳೆಯ ಜನವರಿಯ ಒಂದು ದಿನ, ಈಚಿನ ಜನವರಿಯ ಒಂದು ದಿನ, ಇವೆರಡನ್ನು ಪಕ್ಕಪಕ್ಕ ಇಟ್ಟು “ಇಷ್ಟು ಡಿಗ್ರಿ ಏರಿತು” ಎಂದರೆ ಅದು ಪ್ರವೃತ್ತಿಯಲ್ಲ, ಎರಡು ದಿನಗಳ ಹವೆ ಅಷ್ಟೆ. ಹಿಂದಿನ ರಾತ್ರಿ ಮಳೆ ಬಂದಿತ್ತೇ, ಗಾಳಿ ಎತ್ತಣದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಲವು ಚಳಿಗಾಲಗಳ ಹಲವು ಚಿತ್ರಗಳು ಬೇಕು. ಒಂದೇ ಚಿತ್ರದೊಳಗೆ ತೋಟವೆಷ್ಟು, ಕಟ್ಟಡವೆಷ್ಟು ಬಿಸಿಯೆಂದು ಹೋಲಿಸುವುದು ಇನ್ನೂ ಭದ್ರವಾದ ದಾರಿ.

ಪೇಟೆಯೇ ಯಾವಾಗಲೂ ಬಿಸಿ, ಹಳ್ಳಿಯೇ ತಂಪು ಎಂದು ಬೀಗುವ ಹಾಗೂ ಇಲ್ಲ. ಮುಂಬಯಿಯ ಐ.ಐ.ಟಿ.ಯ ಸಂಶೋಧಕರು ಭಾರತದ ನಗರಗಳ ಬಗ್ಗೆ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯ ಹಗಲಿನಲ್ಲಿ ಹೆಚ್ಚಿನ ನಗರಗಳ ನೆಲವು ಸುತ್ತಲಿನ ಹಳ್ಳಿಗಾಡಿಗಿಂತ ತಣ್ಣಗಿರುವುದು ಕಂಡುಬಂತು. ಬೆಳೆ ಕೊಯ್ದು ಬರಿದಾದ ಹೊಲದಲ್ಲಿ ಎಲೆಯೂ ಇಲ್ಲ, ತೇವವೂ ಇಲ್ಲ. ಊರೊಳಗೆ ನಾಲ್ಕು ಮರಗಳಾದರೂ ಇರುತ್ತವೆ. ರಾತ್ರಿ ಮಾತ್ರ ನಗರಗಳೇ ಬಿಸಿ. ಕುಷ್ಟಗಿ, ಯಲಬುರ್ಗಾದ ಬಯಲು ಕಂಡವರಿಗೆ ಇದು ಆಶ್ಚರ್ಯದ ಮಾತಲ್ಲ. ನೆಲಕ್ಕೆ ಊರು, ಹಳ್ಳಿ ಎಂಬ ಭೇದವಿಲ್ಲ. ಮೇಲೆ ಏನು ಹೊದಿಸಿದ್ದೀರಿ ಎಂಬುದೊಂದೇ ಅದಕ್ಕೆ ಗೊತ್ತು.

ಇನ್ನು ತೋಟದ ಮಾತು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಷ್ಟದಿಂದ. 2016ರಲ್ಲಿ ಮರಕ್ಕೆ ಒಳ್ಳೆಯ ಬೆಲೆ ಬಂತೆಂದು ಅಡಿಕೆ ತೋಟದ ನೈಋತ್ಯದ ಅಂಚಿನಲ್ಲಿದ್ದ ಸಿಲ್ವರ್ ಮರಗಳನ್ನು ಕಡಿಸಿದೆ. ಮುಂದಿನ ಚಳಿಗಾಲದಲ್ಲಿ ಅಂಚಿನ ಸಾಲಿನ ಕಾಂಡಗಳು ಬಿಸಿಲು ಬೀಳುವ ಮಗ್ಗುಲಲ್ಲಿ ಹಳದಿಯಾದವು, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಸೀಳಿದವು. ಸೀಳಿನಲ್ಲಿ ಬೂಷ್ಟು ಸೇರಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾಳಿಗೆ ಒಂದೊಂದಾಗಿ ಮುರಿದು ಬಿದ್ದವು. ಮರ ಮಾರಿದ ಹಣ ಒಂದೇ ವರ್ಷಕ್ಕೆ ಮುಗಿದಿತ್ತು; ಆ ಸಾಲು ಮತ್ತೆ ಫಸಲಿಗೆ ಬರಲು ಎಷ್ಟು ವರ್ಷ ಬೇಕೆಂಬುದು ನಿಮಗೆಲ್ಲ ಗೊತ್ತೇ ಇದೆ.

ಡಿಸೆಂಬರ್ 22ರ ಸುಮಾರಿಗೆ ನಮ್ಮ ಭಾಗದಲ್ಲಿ ಸೂರ್ಯ ನಡುಮಧ್ಯಾಹ್ನವೂ ನೆತ್ತಿಗೆ ಬಾರದೆ, ದಕ್ಷಿಣದಲ್ಲಿ 53–54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಇಳಿಹೊತ್ತಿನ ಓರೆ ಬಿಸಿಲು ನೇರವಾಗಿ ಕಾಂಡಕ್ಕೇ ಬಡಿಯುತ್ತದೆ. ಚಳಿಗಾಲವೆಂದು ನಾವು ಮೈಮರೆಯುವ ತಿಂಗಳುಗಳಲ್ಲೇ ಅಡಿಕೆಯ ಕಾಂಡ ಸುಡುತ್ತದೆ.

ಆದುದರಿಂದ ಬೆಳೆಗಾರ ಬಂಧುಗಳಲ್ಲಿ ಕೆಲವು ಸೂಚನೆಗಳನ್ನು ಅರಿಕೆ ಮಾಡುತ್ತೇನೆ. ಹೊಸದಾಗಿ ಅಡಿಕೆ ಹಾಕುವವರು ಸಾಲನ್ನು ಉತ್ತರ–ದಕ್ಷಿಣ ರೇಖೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಬೇಕೆಂಬುದು ಸಂಶೋಧನಾ ಕೇಂದ್ರಗಳ ಶಿಫಾರಸು. ಹಾಗೆ ಮಾಡಿದರೆ ಮರಕ್ಕೆ ಮರವೇ ನೆರಳಾಗುತ್ತದೆ. ಈಗಿರುವ ತೋಟದ ದಕ್ಷಿಣ, ಪಶ್ಚಿಮದ ಅಂಚಿನಲ್ಲಿ ಬೇಗ ಬೆಳೆಯುವ ಮರಗಳಿರಲಿ. ಅವು ಏಳುವ ತನಕ ಅಂಚಿನ ಸಾಲಿನ ಕಾಂಡಕ್ಕೆ ಮಳೆ ನಿಂತೊಡನೆ ಸೋಗೆ ಕಟ್ಟಿ. ಬುಡಕ್ಕೆ ಸೊಪ್ಪು, ತರಗು ಹೊದಿಸಿ; ಬರಿ ನೆಲ ಬಿಡಬೇಡಿ.

ಕಾಫಿಯವರಿಗೂ ಇದೇ ಮಾತು. ಅರೇಬಿಕಾದ ಬಿಳಿ ಕಾಂಡಕೊರಕ ಹಾರಾಡುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್–ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಬಿಸಿಲು ಬಿದ್ದ, ಬೆಚ್ಚಗಿನ ಗಿಡಗಳೇ ಅದಕ್ಕೆ ಇಷ್ಟ. ನೆರಳಿನ ಮರದ ಬೆಲೆಯನ್ನು ಮರದ ವ್ಯಾಪಾರಿ ಹೇಳುವ ಅಂಕಿಯಿಂದ ಮಾತ್ರ ಅಳೆಯಬಾರದು.

ದೇಶದ ಗಾಳಿ ಬಿಸಿಯಾಗುವುದನ್ನು ಒಬ್ಬ ಸಣ್ಣ ಬೆಳೆಗಾರ ತಡೆಯಲಾರ. ಆದರೆ ಅವನ ಮೂರು ಎಕರೆಯ ನೆಲದ ಬಿಸಿ ಬಹುಮಟ್ಟಿಗೆ ಅವನ ಕೈಯಲ್ಲೇ ಇದೆ. ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಚಪ್ಪಲಿ ಬಿಟ್ಟು ತೋಟದಲ್ಲಿ ನಡೆದು ನೋಡಿ. ಕಾಲು ಎಲ್ಲಿ ಚುರ್ರೆನ್ನುತ್ತದೆಯೋ ಅಲ್ಲಿ ಮುಂದಿನ ಮಳೆಗೆ ಒಂದು ಗಿಡ ನೆಡಿ.